ಮ್ಯಾಪ್ ರೀಡಿಂಗ್‌ನಲ್ಲಿ ಫೇಲ್ ಆದ ನಾಯಕ್: ಒಂದು ಪ್ರಮೋಷನ್ ಟೆಸ್ಟಿನ ಪೂರ್ತಿ ಕಥೆ

ಫೇಲ್ ಆಗಿದ್ದು ನಮ್ಮಕ್ಕನ ಮಗ. ಆರ್ಮಿನಲ್ಲಿ ನಾಯಕ್, ಟ್ರೇಡು ವೆಹಿಕಲ್ ಮೆಕ್ಯಾನಿಕ್, ಸೇರೋಕೆ ಮುಂಚೆ ಇಲ್ಲೇ ಬೆಂಗಳೂರಲ್ಲಿ ಐಟಿಐ ಡೀಸೆಲ್ ಮೆಕ್ಯಾನಿಕ್ ಮುಗಿಸಿ ಪೀಣ್ಯದ ಒಂದು ಗ್ಯಾರೇಜಲ್ಲಿ ಕೈ ಪಳಗಿಸ್ಕೊಂಡಿದ್ದೋನು. ಹವಾಲ್ದಾರ್ ಆಗೋಕೆ, ಮೊದ್ಲು ಕಲಿಸಿ ಆಮೇಲೆ ಟೆಸ್ಟ್ ಮಾಡೋ ಪ್ರಮೋಷನ್ ಕೇಡರ್‌ಗೆ ಹೋದ. ಟ್ರೇಡ್ ಪ್ರಾಕ್ಟಿಕಲ್‌ನಲ್ಲಿ ಅವನ ಬ್ಯಾಚಿಗೇ ಫಸ್ಟು, ಫೈರಿಂಗ್ ಆಯ್ತು, ಡ್ರಿಲ್ ಆಯ್ತು, ದೇಹದ ಕ್ಷಮತೆ ನೋಡೋ ಬಿಪಿಇಟಿ ಟೆಸ್ಟಲ್ಲಿ 5 ಕಿಲೋಮೀಟರ್ ಓಟ ಎಕ್ಸಲೆಂಟ್ ಬಂತು, ಮ್ಯಾಪ್ ರೀಡಿಂಗ್‌ನಲ್ಲಿ ಮಾತ್ರ ಫೇಲ್. ಒಂದರಲ್ಲಿ ಹೋದ್ರೆ ಎಲ್ಲದ್ರಲ್ಲೂ ಹೋದಂಗೆ. ಅವನಿಗಿಂತ ಜೂನಿಯರ್ ಆಗಿದ್ದ ಇಬ್ಬರು ಹವಾಲ್ದಾರ್ ಆಗಿ ಮೂರು ಪಟ್ಟಿ ಹಾಕ್ಕೊಂಡ್ರು, ಇವನು ಎರಡರಲ್ಲೇ ಉಳ್ಕೊಂಡ.

ಯಾವ ಯೂನಿಟ್ಟು, ಎಲ್ಲಿ ಅಂತ ಹೇಳಲ್ಲ, ಅದು ಬೇಕಾಗೂ ಇಲ್ಲ. ಈ ಪ್ರಕರಣನ ಪೂರ್ತಿಯಾಗಿ ಬರೀತಿರೋದು ಯಾಕಂದ್ರೆ ನಾನು ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್ ಹೇಳಿಕೊಡೋಳು, ನಕ್ಷೆ, ಕಾಂಪಸ್ಸು, ಕಾಂಟೂರು (ಒಂದೇ ಎತ್ತರದ ಜಾಗಗಳನ್ನ ಕೂಡಿಸೋ ಗೆರೆ) ಇವೇ ನನ್ನ ದಿನದ ಕೆಲ್ಸ, ಮಕ್ಕಳನ್ನ ಟೆಸ್ಟ್ ಮಾಡೋದೂ ನನ್ನ ಕೆಲ್ಸ. ಹಂಗಾಗಿ ಇವನು ಫೇಲ್ ಆಗಿದ್ದು ಎಲ್ಲಿ, ಹೆಂಗೆ ಅಂತ ಕೂತು ಬಿಡಿಸಿ ನೋಡೋ ಅವಕಾಶ ನಂಗೆ ಸಿಕ್ತು, ನೋಡಿದ್ಮೇಲೆ ಸೈನಿಕರನ್ನ ಪ್ರಮೋಷನ್‌ಗೆ ಟೆಸ್ಟ್ ಮಾಡೋ ಬಗ್ಗೆ ನಂಗೆ ಒಂದು ಗಟ್ಟಿ ಅಭಿಪ್ರಾಯ ಬಂದಿದೆ.

ಮೊದ್ಲು ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್, ಆಮೇಲೆ ಜೆಸಿಓಗಳು, ಅಂದ್ರೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಮೇಲೆ ಹೋಗೋಕೆ ಬರೀ ಸರ್ವಿಸ್ ವರ್ಷ ಸಾಲಲ್ಲ, ಸೀನಿಯಾರಿಟಿ ಬೇಕು, ಮೆಡಿಕಲ್ ಕೆಟಗರಿ ಸರಿ ಇರ್ಬೇಕು, ಶಿಸ್ತಿನ ರೆಕಾರ್ಡ್ ಕ್ಲೀನ್ ಇರ್ಬೇಕು, ಶಿಕ್ಷೆ ಆಗಿ ಕೆಂಪು ಇಂಕಿನ ಎಂಟ್ರಿ ಬಿದ್ರೆ ಅದು ಬಹಳ ಕಾಲ ಬೆನ್ನು ಬಿಡಲ್ಲ, ಇದೆಲ್ಲದ್ರ ಜೊತೆ ಕೇಡರ್ ಪಾಸಾಗ್ಬೇಕು. ದುಡ್ಡಿನ ಲೆಕ್ಕನೂ ಹೇಳ್ತೀನಿ, ಏಳನೇ ವೇತನ ಆಯೋಗದ ಪ್ರಕಾರ ನಾಯಕ್ ಲೆವೆಲ್ 4, ಆರಂಭದ ಮೂಲ ವೇತನ 25,500, ಹವಾಲ್ದಾರ್ ಲೆವೆಲ್ 5, ಅದು 29,200. ಆದ್ರೆ ಹಣಕ್ಕಿಂತ ದೊಡ್ಡದು ಸರ್ವಿಸ್ ಮಿತಿ. ಯಾವ ರ್ಯಾಂಕಲ್ಲಿ ಇದ್ದೀಯ ಅನ್ನೋದ್ರ ಮೇಲೆ ಎಷ್ಟು ವರ್ಷ ಯೂನಿಫಾರ್ಮ್ ಹಾಕ್ಬಹುದು ಅನ್ನೋದು ನಿರ್ಧಾರ ಆಗುತ್ತೆ, ಹವಾಲ್ದಾರ್‌ಗೆ ನಾಯಕ್‌ಗಿಂತ ಜಾಸ್ತಿ ವರ್ಷ, ಜೆಸಿಓಗೆ ಇನ್ನೂ ಜಾಸ್ತಿ. ಮಕ್ಕಳು ಓದೋ ವಯಸ್ಸಲ್ಲಿ ಅಪ್ಪ ಮನೆಗೆ ವಾಪಸ್ ಬರ್ತಾನಾ ಇಲ್ಲ ಸರ್ವಿಸಲ್ಲಿ ಇರ್ತಾನಾ ಅನ್ನೋದೇ ಇದ್ರಲ್ಲಿ ನಿಂತಿರುತ್ತೆ.

ರಜಕ್ಕೆ ಬಂದಾಗ ವಿಷ್ಯ ಹೊರಗೆ ಬಂತು. ದಾಸರಹಳ್ಳಿಲಿ ಅಕ್ಕನ ಮನೆ. ಅಕ್ಕ ಅಂತೂ ಕೆಂಡ ಆಗಿದ್ಳು. "ಅಷ್ಟು ಗಾಡಿ ರಿಪೇರಿ ಮಾಡಿದ್ದಾನೆ, ಆಫೀಸರ್‌ಗಳೇ ಬೆನ್ನು ತಟ್ಟಿದ್ದಾರೆ, ಗಾಡಿ ಮೆಕ್ಯಾನಿಕ್‌ಗೆ ಮ್ಯಾಪ್ ಯಾಕಮ್ಮ ಬೇಕು? ಕೆಲ್ಸಕ್ಕೆ ಸಂಬಂಧನೇ ಇಲ್ದೇ ಇರೋದನ್ನ ಕೇಳಿ ಹುಡುಗನ ಬಾಳು ಹಾಳು ಮಾಡಿದ್ರು" ಅಂತ. ಬಹಳ ಜನ ಹಿಂಗೇ ಅಂತಾರೆ, ಕೇಳೋಕೂ ಸರಿ ಅನ್ಸುತ್ತೆ. ಆದ್ರೆ ಅವನೇ ಅದನ್ನ ಒಪ್ಪಲಿಲ್ಲ. "ಇಲ್ಲಮ್ಮ, ಮ್ಯಾಪ್ ಬೇಕು" ಅಂದ.

ಆಮೇಲೆ ಒಂದು ಘಟನೆ ಹೇಳ್ದ. ಕಾನ್ವಾಯ್ ಹೋಗ್ವಾಗ ಒಂದು ಸ್ಟಾಲಿಯನ್ ಗಾಡಿ ರಾತ್ರಿ ಹೊತ್ತು ನಿಂತೋಗಿತ್ತಂತೆ, ಮೊಬೈಲ್ ಸಿಗ್ನಲ್ ಇಲ್ಲ, ರೇಡಿಯೋದಲ್ಲಿ ಬಂದಿದ್ದು ಮ್ಯಾಪಲ್ಲಿ ಜಾಗ ಎಲ್ಲಿ ಅಂತ ಹೇಳೋ ಆರು ಅಂಕಿಯ ಒಂದು ಗ್ರಿಡ್ ರೆಫರೆನ್ಸ್ ಅಷ್ಟೆ. ರಿಕವರಿ ಗಾಡಿ ತಗೊಂಡು ಹೊರಟ ಪಾರ್ಟಿನಲ್ಲಿ ಇವನೂ ಇದ್ದ, ಮುಂದೆ ಕೂತಿದ್ದ ಹವಾಲ್ದಾರ್ ಮ್ಯಾಪ್ ನೋಡಿ ಎಲ್ಲಿ ತಿರುಗ್ಬೇಕು, ಯಾವ ಹಳ್ಳ ದಾಟಿದ್ಮೇಲೆ ಎಷ್ಟು ದೂರ ಅಂತ ಹೇಳ್ತಾ ಕರ್ಕೊಂಡು ಹೋದ್ರು. ರಿಪೇರಿ ಇವನು ಮಾಡ್ದ, ಡೀಸೆಲ್ ಲೈನಲ್ಲಿ ಗಾಳಿ ಸೇರ್ಕೊಂಡಿತ್ತು, ತುಂಬಾ ಹೊತ್ತು ಹಿಡೀಲಿಲ್ಲ. "ಆದ್ರೆ ಚಿಕ್ಕಮ್ಮ, ಅಲ್ಲಿಗೆ ಮುಟ್ಟಿಸಿದ್ದು ಅವ್ರು. ನಾನು ಹವಾಲ್ದಾರ್ ಆದ್ರೆ ಆ ಸೀಟಲ್ಲಿ ನಾನು ಕೂರ್ಬೇಕು."

ಇಲ್ಲಿಗೆ ಅರ್ಧ ಪ್ರಶ್ನೆ ಮುಗೀತು. ಮೇಲಿನ ರ್ಯಾಂಕಿಗೆ ಟೆಸ್ಟ್ ಮಾಡೋದು ಈಗಿನ ಕೆಲ್ಸಕ್ಕಲ್ಲ, ಮುಂದಿನ ಕೆಲ್ಸಕ್ಕೆ. ನಾಯಕ್ ಆಗಿ ಸ್ಪ್ಯಾನರ್ ಹಿಡಿಯೋನು ಹವಾಲ್ದಾರ್ ಆಗಿ ಹುಡುಗರನ್ನ, ಗಾಡಿನ, ಸ್ಟೋರನ್ನ ಒಟ್ಟಿಗೆ ಒಂದು ಜಾಗಕ್ಕೆ ಮುಟ್ಟಿಸ್ಬೇಕು. ಹಂಗಾಗಿ ಮ್ಯಾಪ್ ರೀಡಿಂಗ್ ಟೆಸ್ಟಲ್ಲಿ ಇರ್ಲೇಬೇಕು, ಅಕ್ಕನ ಮಾತು ಅಲ್ಲಿ ನಿಲ್ಲಲ್ಲ. ಇನ್ನರ್ಧ ಪ್ರಶ್ನೆ, ಆ ಟೆಸ್ಟು ಇವನಿಗೆ ಜಾಗ ಮುಟ್ಟೋಕೆ ಬರುತ್ತಾ ಇಲ್ವಾ ಅನ್ನೋದನ್ನ ನಿಜವಾಗ್ಲೂ ನೋಡ್ತಾ?

ಅವನು ಹೇಳಿದ ಪ್ರಕಾರ ಟೆಸ್ಟು ನಡೆದಿದ್ದು ಒಂದು ಹಾಲ್‌ನಲ್ಲಿ. ಎಲ್ಲರಿಗೂ ಒಂದೊಂದು ಶೀಟು, ಟೈಮ್ ಕಮ್ಮಿ. ಉತ್ತರ ದಿಕ್ಕು ಎಷ್ಟು ವಿಧ, ವ್ಯಾಖ್ಯೆ ಬರಿ, ಕಾಂಟೂರಿನ ಗುಣಗಳು ಬರಿ, ಸಾಂಕೇತಿಕ ಚಿಹ್ನೆಗಳನ್ನ ಗುರ್ತಿಸು, ಈ ಬೇರಿಂಗಿನ (ಉತ್ತರದಿಂದ ಅಳೆದ ದಿಕ್ಕಿನ ಕೋನ) ಬ್ಯಾಕ್ ಬೇರಿಂಗ್, ಅಂದ್ರೆ ಅದ್ರ ಉಲ್ಟಾ ದಿಕ್ಕು, ಎಷ್ಟು, ಇಂಥ ಜಾಗದ ಗ್ರಿಡ್ ರೆಫರೆನ್ಸ್ ಕೊಡು, ಹಿಂಗೆ. ಎಲ್ಲಾ ಹಿಂದಿ ಭಾಷೆಲಿ. ಹಿಂದಿ ಅವನು ಮಾತಾಡೋದು ನೀರು ಕುಡ್ದಂಗೆ, ಆದ್ರೆ ವ್ಯಾಖ್ಯೆ ಬರಿ ಅಂದ್ರೆ ಪೆನ್ನು ನಿಧಾನ ಆಗುತ್ತೆ. ಹೊರಗೆ ಗ್ರೌಂಡಲ್ಲಿ ಕಾಂಪಸ್ ಕೊಟ್ಟು ನಡೆಸೋದು ಪ್ರೋಗ್ರಾಂನಲ್ಲಿ ಇತ್ತಂತೆ, ಆವತ್ತು ಬೇರೆ ಡ್ಯೂಟಿ ಬಂದು ಅದನ್ನ ಬೇಗ ಮುಗಿಸಿದ್ರಂತೆ. ರಿಸಲ್ಟ್ ಬಂದಾಗ ಅವನ ಹೆಸರಿನ ಮುಂದೆ ಇದ್ದಿದ್ದು ಒಂದೇ ಪದ, ಫೇಲ್. ಎಷ್ಟು ಮಾರ್ಕ್ಸ್ ಕಮ್ಮಿ, ಯಾವ ಭಾಗದಲ್ಲಿ ಹೋಯ್ತು, ಏನು ಕಲಿತ್ಕೊಂಡು ಬರ್ಬೇಕು, ಏನೂ ಇಲ್ಲ.

ನಂಗೆ ಕಸಿವಿಸಿ ಆಗಿದ್ದು ಇಲ್ಲೇ. ನಮ್ಮ ಐಟಿಐನಲ್ಲಿ ಥಿಯರಿ ಪರೀಕ್ಷೆ ಈಗ ಕಂಪ್ಯೂಟರ್ ಮೇಲೆ, ಪ್ರಾಕ್ಟಿಕಲ್ ಬೇರೆ, ಪ್ರಾಕ್ಟಿಕಲ್‌ನಲ್ಲಿ ಪ್ರತಿ ಜಾಬ್‌ಗೂ ಬೇರೆ ಬೇರೆ ಮಾರ್ಕ್ಸ್ ಹಾಕ್ಬೇಕು, ಅಳತೆ ಸರಿ ಇದ್ಯಾ, ವಿಧಾನ ಸರಿ ಇದ್ಯಾ, ಸೇಫ್ಟಿ ನೋಡ್ಕೊಂಡ್ನಾ ಅಂತ. ಹಂಗೆ ಬರ್ದಿಟ್ಟಿದ್ರೇನೇ ಫೇಲ್ ಆದ ಹುಡುಗನಿಗೆ ಮತ್ತೆ ಏನು ಹೇಳಿಕೊಡ್ಬೇಕು ಅನ್ನೋದು ಮೇಷ್ಟ್ರಿಗೆ ಗೊತ್ತಾಗೋದು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ನಿಂಗೆ ಹುಷಾರಿಲ್ಲ ಅಂತ ಮಾತ್ರ ಬರ್ದು ಕಳಿಸಿದ್ರೆ ಏನು ಮಾಡೋದು?

ಸರಿ, ನಾವೇ ಕಂಡುಹಿಡಿಯೋಣ ಅಂತ ಕೂತ್ವಿ. ಸರ್ವೆ ಆಫ್ ಇಂಡಿಯಾದ ಆಫೀಸು ಇಲ್ಲೇ ಕೋರಮಂಗಲದಲ್ಲಿ ಇದೆ, ಅಲ್ಲದೆ 2017ರಿಂದ ಅವರ ವೆಬ್ ಪೋರ್ಟಲ್‌ನಲ್ಲಿ 1:50,000 ಸ್ಕೇಲಿನ ಓಪನ್ ಸೀರೀಸ್ ಶೀಟ್‌ಗಳು ಫ್ರೀಯಾಗಿ ಸಿಗ್ತವೆ. ಬೆಂಗಳೂರಿನ ಉತ್ತರದ ಭಾಗ ಇರೋ ಒಂದು ಶೀಟ್ ಅದೇ ಸ್ಕೇಲಲ್ಲಿ ದೊಡ್ಡ ಕಾಗದದ ಮೇಲೆ ಪ್ರಿಂಟ್ ಹಾಕ್ಸಿ, ಅದ್ರ ಮೇಲೆ 2 ಸೆಂಟಿಮೀಟರ್‌ಗೊಂದು ಪೆನ್ಸಿಲ್ ಗೆರೆ ಎಳೆದು ಗ್ರಿಡ್ ನಾನೇ ಹಾಕ್ದೆ. ಈ ಸ್ಕೇಲಲ್ಲಿ 2 ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ 1 ಕಿಲೋಮೀಟರ್. ದಪ್ಪ ಕಾರ್ಡ್‌ಬೋರ್ಡಿನ ಮೂಲೆ ಕತ್ತರಿಸಿ ಎರಡೂ ಅಂಚಿಗೆ 2 ಮಿಲಿಮೀಟರ್‌ಗೊಂದು ಗುರುತು ಹಾಕ್ಕೊಂಡ್ವಿ, ಒಂದೊಂದು ಗುರುತು 100 ಮೀಟರ್, ಆ ಮೂಲೆನ ಜಾಗದ ಮೇಲಿಟ್ರೆ ಆರು ಅಂಕಿ ರೆಫರೆನ್ಸ್ ಅಂದಾಜು ಹೊಡೀದೇ ಓದ್ಬಹುದು.

ಮೊದಲ ತಪ್ಪು ಟೇಬಲ್ ಮೇಲೆನೇ ಸಿಕ್ತು. ನಿಧಾನವಾಗಿ ಕೊಟ್ರೆ ಎಲ್ಲಾ ಸರಿ ಓದ್ತಾನೆ. ಗಡಿಯಾರ ಇಟ್ಟು ಬೇಗ ಬೇಗ ಕೇಳಿದ್ರೆ ಕೆಲವು ಸಲ ನಾರ್ದಿಂಗ್ ಮೊದ್ಲು ಹೇಳಿಬಿಡ್ತಾನೆ, ಈಸ್ಟಿಂಗ್ ಆಮೇಲೆ. ಮೊದಲ ಮೂರು ಅಂಕಿ ಪೂರ್ವದ ಕಡೆಗೆ, ಕೊನೆ ಮೂರು ಉತ್ತರದ ಕಡೆಗೆ, ಇದು ಅದಲು ಬದಲಾದ್ರೆ ಜಾಗ ಎಲ್ಲೋ ಕಿಲೋಮೀಟರ್‌ಗಟ್ಟಲೆ ಆಚೆ ಹೋಗುತ್ತೆ. ಹೆಸರಘಟ್ಟ ಕೆರೆ ಏರಿ ಕೇಳಿದ್ರೆ ಅವನು ಕೊಟ್ಟಿದ್ದು ಬೇರೆ ಯಾವ್ದೋ ಊರಿನ ಹೊಲದ ಮಧ್ಯೆ ಬಿತ್ತು. ಇದು ಸಣ್ಣ ತಪ್ಪಲ್ಲ. ರಾತ್ರಿ ರಿಕವರಿ ಗಾಡಿ ಹೋಗ್ಬೇಕಾದಾಗ ಇದೇ ತಪ್ಪಾದ್ರೆ ಕೆಟ್ಟು ನಿಂತಿರೋ ಗಾಡಿಯ ಹುಡುಗರು ಬೆಳಗಿನ ತನಕ ಕಾಯ್ಬೇಕು. ಹಂಗಾಗಿ ನಾನು ಅಕ್ಕನಿಗೆ ನೇರವಾಗೇ ಹೇಳ್ದೆ, ಟೆಸ್ಟು ಇವನನ್ನ ಫೇಲ್ ಮಾಡಿದ್ದು ಪೂರ್ತಿ ಅನ್ಯಾಯ ಅಲ್ಲ, ಇವನಲ್ಲಿ ಒಂದು ಕೊರತೆ ನಿಜವಾಗ್ಲೂ ಇದೆ ಅಂತ. ಅಕ್ಕ ಆವತ್ತು ನನ್ನ ಜೊತೆ ಸರಿಯಾಗಿ ಮಾತಾಡ್ಲಿಲ್ಲ.

ಎರಡನೇದು ಹೊರಗೆ ಹೋದಾಗ ಸಿಕ್ತು. ಹೆಸರಘಟ್ಟ ಕೆರೆ ಕಡೆ ಬೆಳಿಗ್ಗೆನೇ ಹೋದ್ವಿ, ಅವನ ಬುಲೆಟ್ಟಲ್ಲಿ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಕೊಡೋಕೆ ಶುರು ಮಾಡಿದ ಕೆರೆ ಅದು, ಸುತ್ತ ಬಯಲು ಇರೋದ್ರಿಂದ ದೂರದ ಗುರುತುಗಳು ಚೆನ್ನಾಗಿ ಕಾಣ್ತವೆ. ನಾನು ಅವನಿಗೆ ಕೊಟ್ಟ ಕೆಲ್ಸ ರಿಸೆಕ್ಷನ್, ಅಂದ್ರೆ ನಾವು ಎಲ್ಲಿ ನಿಂತಿದ್ದೀವಿ ಅಂತ ಮ್ಯಾಪಲ್ಲಿ ಕಂಡುಹಿಡಿಯೋದು. ಮ್ಯಾಪಲ್ಲೂ ಇರೋ, ಕಣ್ಣಿಗೂ ಕಾಣೋ ಎರಡು ಗುರುತಿಗೆ ಕಾಂಪಸ್ಸಲ್ಲಿ ಬೇರಿಂಗ್ ತಗೋಬೇಕು, ಅದನ್ನ ಮ್ಯಾಗ್ನೆಟಿಕ್‌ನಿಂದ (ಕಾಂಪಸ್ ಮುಳ್ಳಿನ ಉತ್ತರ) ಗ್ರಿಡ್‌ಗೆ (ಮ್ಯಾಪಿನ ಗೆರೆಯ ಉತ್ತರ) ತಿದ್ಕೋಬೇಕು, 180ಕ್ಕಿಂತ ಕಮ್ಮಿ ಇದ್ರೆ 180 ಕೂಡಿ, ಜಾಸ್ತಿ ಇದ್ರೆ 180 ಕಳೆದು ಬ್ಯಾಕ್ ಬೇರಿಂಗ್ ಮಾಡ್ಬೇಕು, ಆ ಗುರುತುಗಳಿಂದ ಗೆರೆ ಎಳೀಬೇಕು, ಎರಡು ಗೆರೆ ಕೂಡೋ ಕಡೆ ನಾವಿದ್ದೀವಿ. ಅವನು ಲೆಕ್ಕ ಎಲ್ಲಾ ಬಾಯಲ್ಲೇ ಮಾಡ್ದ, ಒಂದೂ ತಪ್ಪಿಲ್ಲ. ಗೆರೆ ಎಳೆದ್ರೆ ಎರಡೂ ಕೂಡಿದ್ದು ಕೆರೆಯ ಅಂಗಳದ ಒಳಗೆ.

ಅವನು ಮತ್ತೆ ಲೆಕ್ಕ ನೋಡ್ದ. ಮತ್ತೆ ಅದೇ. ನಾನು ಸುಮ್ನೆ ನಿಂತಿದ್ದೆ, ಹೇಳ್ಕೊಡ್ಬಾರ್ದು ಅಂತ. ಮೂರನೇ ಸಲ ಬೇರಿಂಗ್ ತಗೊಳ್ಳೋಕೆ ಕಾಂಪಸ್ ಎತ್ತಿ ಕಣ್ಣಿಗೆ ಹಿಡಿದಾಗ ಅವನ ಮೊಣಕೈ ಎಲ್ಲಿತ್ತು ಅಂತ ಅವನಿಗೇ ಕಾಣಿಸ್ತು, ಕೈ ಅಲ್ಲಾಡ್ದೇ ಇರ್ಲಿ ಅಂತ ಬುಲೆಟ್ಟಿನ ಹ್ಯಾಂಡಲ್ ಮೇಲೆ ಊರಿದ್ದ. ಮುಳ್ಳು ಕಬ್ಬಿಣದ ಕಡೆ ಎಳೀತಿತ್ತು. ನಾವು ಸರ್ವೆನಲ್ಲಿ ಲೋಕಲ್ ಅಟ್ರಾಕ್ಷನ್ ಅಂತೀವಿ. ಬೈಕಿಂದ ದೂರ ಹುಲ್ಲಿನ ಮೇಲೆ ಹೋಗಿ ನಿಂತು, ಬೆಲ್ಟು, ಕೀ ಗೊಂಚಲು, ಫೋನು ಎಲ್ಲಾ ನನ್ನ ಕೈಗೆ ಕೊಟ್ಟು ತಗೊಂಡ, ಈ ಸಲ ಗೆರೆಗಳು ಏರಿ ಪಕ್ಕದಲ್ಲೇ ಕೂಡಿದ್ವು. ಮೂರನೇ ಗುರುತಿಗೂ ಗೆರೆ ಎಳೆಸ್ದೆ, ಪುಟ್ಟ ತ್ರಿಕೋನ ಬಂತು, ಅದ್ರೊಳಗೇ ನಾವಿದ್ವಿ.

ಇದನ್ನ ಇಷ್ಟು ಹೇಳೋಕೆ ಕಾರಣ ಇದೆ. ಗಾಡಿ ಮೆಕ್ಯಾನಿಕ್ ಕಾಂಪಸ್ ತೆಗಿಯೋದು ಯಾವಾಗ? ಗಾಡಿ ಪಕ್ಕದಲ್ಲಿ ನಿಂತಾಗ. ಅವನ ಕೆಲ್ಸದಲ್ಲಿ ಅತಿ ಹೆಚ್ಚು ಆಗೋ ತಪ್ಪು ಯಾವ್ದೋ, ಅದು ಹಾಲ್‌ನಲ್ಲಿ ಕೂತು ಬರೆಯೋ ಪೇಪರ್‌ನಲ್ಲಿ ಯಾವತ್ತೂ ಕಾಣಲ್ಲ. ಪೇಪರಲ್ಲಿ ಕಾಂಪಸ್ಸಿನ ಮುಂಜಾಗ್ರತೆಗಳು ಬರಿ ಅಂತ ಕೇಳಿದ್ರೆ ಅವನು ಬರ್ದೇ ಬರೀತಾನೆ, ಕಬ್ಬಿಣದ ವಸ್ತುಗಳಿಂದ ದೂರ ಇರ್ಬೇಕು ಅಂತ. ಬರ್ದೋನು ನೆಲದ ಮೇಲೆ ಹ್ಯಾಂಡಲ್‌ಗೆ ಮೊಣಕೈ ಊರ್ತಾನೆ. 1 ಡಿಗ್ರಿ ತಪ್ಪಾದ್ರೆ 1 ಕಿಲೋಮೀಟರ್ ದೂರದಲ್ಲಿ ಸುಮಾರು 17 ಮೀಟರ್ ಪಕ್ಕಕ್ಕೆ ಹೋಗ್ತೀವಿ, 10 ಡಿಗ್ರಿ ತಪ್ಪಿದ್ರೆ ಹೆಚ್ಚುಕಮ್ಮಿ 175 ಮೀಟರ್, 5 ಕಿಲೋಮೀಟರ್ ನಡೆದ್ರೆ ಅದು ಐದು ಪಟ್ಟು. ಮ್ಯಾಗ್ನೆಟಿಕ್ ತಿದ್ದುಪಡಿ ಬೆಂಗಳೂರಲ್ಲಿ ಒಂದೆರಡು ಡಿಗ್ರಿ ಅಷ್ಟೆ, ಅದನ್ನ ಮರೆತ್ರೂ ಇಲ್ಲಿ ಬಚಾವ್ ಆಗ್ಬಹುದು, ಗಾಡಿಯ ಕಬ್ಬಿಣನ ಮರೆತ್ರೆ ಎಲ್ಲೂ ಬಚಾವ್ ಆಗಲ್ಲ.

ಮೂರನೇ ಸಂಗತಿ ಉಲ್ಟಾ. ನಡೆಯೋದ್ರಲ್ಲಿ ಅವನು ನನ್ನ ಸ್ಟೂಡೆಂಟ್ಸ್ ಎಲ್ಲರಿಗಿಂತ ಚೆನ್ನಾಗಿದ್ದ. ಕಾಂಟೂರ್ ಗೆರೆ ನೋಡಿ ಈ ಕಡೆ ಇಳಿಜಾರು ಜಾಸ್ತಿ, ರಿಕವರಿ ಗಾಡಿ ಇಲ್ಲಿ ಇಳಿಸೋಕಾಗಲ್ಲ, ಆ ಕಡೆ ಸುತ್ತಾಕ್ಕೊಂಡು ಹೋಗೋಣ ಅಂತ ನೋಡಿದ ಕೂಡ್ಲೇ ಹೇಳ್ದ. ಕಪ್ಪು ಗೆರೆಯ ಹಳ್ಳ ಒಣಗಿರುತ್ತೆ, ನೀಲಿ ಆದ್ರೆ ನೀರಿರುತ್ತೆ, ಟೈರ್ ಹೂತ್ಕೊಳ್ಳುತ್ತೆ ಅಂತ. ಆ ಪೇಪರಲ್ಲಿ ಕಾಂಟೂರಿನ ಗುಣಗಳು ಬರಿ ಅನ್ನೋ ಪ್ರಶ್ನೆಗೆ ಅವನು ಅರ್ಧ ಬರ್ದು ಬಿಟ್ಟಿದ್ದನಂತೆ. ಗೊತ್ತಿರೋದಕ್ಕೆ ಮಾರ್ಕ್ಸ್ ಹೋಯ್ತು, ಗೊತ್ತಿಲ್ಲದ್ದು ಯಾರ ಕಣ್ಣಿಗೂ ಬೀಳ್ಲಿಲ್ಲ.

ಈ ಸಮಸ್ಯೆ ನಮ್ಮದು ಮಾತ್ರ ಅಲ್ಲ. ಆಮೇಲೆ ನಾನು ಇದ್ರ ಬಗ್ಗೆ ಓದ್ತಾ ಹೋದಾಗ ಅಮೆರಿಕದ ಆರ್ಮಿ ಇದೇ ಗುಂಡಿಗೆ ಬಿದ್ದು ಎದ್ದಿರೋದು ಕಾಣಿಸ್ತು, ಆ ಕಥೆ ಇಲ್ಲಿ ಹೇಳ್ಲೇಬೇಕು. ಅಲ್ಲಿ 1950ರ ದಶಕದ ಕೊನೆಯಿಂದ ಸೈನಿಕರಿಗೆ ಅವರವರ ಟ್ರೇಡ್ ಮೇಲೆ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ಇತ್ತು. ಪೇಪರ್ ಚೆನ್ನಾಗಿ ಬರೆಯೋನು ಮೇಲೆ ಬರ್ತಾನೆ, ಕೆಲ್ಸ ಬಲ್ಲೋನು ಹಿಂದೆ ಉಳೀತಾನೆ ಅನ್ನೋ ದೂರು ಇತ್ತು. 1977ರಲ್ಲಿ ಸ್ಕಿಲ್ ಕ್ವಾಲಿಫಿಕೇಷನ್ ಟೆಸ್ಟ್ ಅಂತ ಹೊಸದು ತಂದ್ರು, ಎಸ್‌ಕ್ಯೂಟಿ ಅಂತಾರೆ. ಅದ್ರಲ್ಲಿ ಮೂರು ಭಾಗ, ಒಂದು ಬರವಣಿಗೆ, ಒಂದು ಕೈಯಲ್ಲಿ ಮಾಡಿ ತೋರ್ಸೋದು, ಇನ್ನೊಂದು ಕೆಲ್ಸದ ಜಾಗದಲ್ಲೇ ಮಾಡೋದನ್ನ ಮೇಲಿನೋರು ನೋಡಿ ದೃಢೀಕರಿಸೋದು. ಪ್ರತಿ ಟ್ರೇಡ್‌ಗೂ ಸೋಲ್ಜರ್ಸ್ ಮ್ಯಾನ್ಯುಯಲ್ ಅಂತ ಪುಸ್ತಕ, ಯಾವ ಕೆಲ್ಸ, ಯಾವ ಪರಿಸ್ಥಿತಿಲಿ, ಎಷ್ಟು ಚೆನ್ನಾಗಿ ಮಾಡ್ಬೇಕು ಅಂತ ಅದ್ರಲ್ಲಿ ಬರ್ದಿರೋದು. ಅಂದ್ರೆ ಟೆಸ್ಟೂ ಟ್ರೈನಿಂಗೂ ಒಂದೇ ಪುಸ್ತಕದಿಂದ. ನನ್ನ ಪ್ರಕಾರ ಇದು ಬಹಳ ಒಳ್ಳೆ ಯೋಚನೆ.

ಆದ್ರೂ ಅದು ಬಹಳ ಕಾಲ ಬಾಳಲಿಲ್ಲ. ಕೈಯಲ್ಲಿ ಮಾಡಿಸೋ ಟೆಸ್ಟ್‌ಗೆ ಸಾಮಾನು ಬೇಕು, ಜಾಗ ಬೇಕು, ನೋಡೋಕೆ ತಿಳಿದೋರು ಬೇಕು, ದಿನಗಟ್ಟಲೆ ಟೈಮ್ ಬೇಕು, ನೂರಾರು ಟ್ರೇಡ್‌ಗೆ ಇದನ್ನ ಮಾಡೋದು ದೊಡ್ಡ ಹೊರೆ ಆಯ್ತು. ಅದೂ ಅಲ್ದೇ ಯಾವ ಯಾವ ಕೆಲ್ಸದ ಮೇಲೆ ಟೆಸ್ಟ್ ಬರುತ್ತೆ ಅಂತ ಮೊದಲೇ ತಿಳಿಸ್ತಿದ್ರು, ಹಂಗಾಗಿ ಯೂನಿಟ್‌ಗಳು ಅಷ್ಟನ್ನೇ ಉಜ್ಜಿಸಿ ಕಳಿಸ್ತಿದ್ವು, ಉಳಿದ ಕೆಲ್ಸಗಳು ಹಂಗೇ ಬಿದ್ದಿರ್ತಿದ್ವು. 1982ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕ ತಪಾಸಣಾ ಸಂಸ್ಥೆ ಜಿಎಓ ಈ ವ್ಯವಸ್ಥೆನ ಬದಲಾಯಿಸ್ಬೇಕು ಅಂತ ವರದಿ ಕೊಡ್ತು. ಅದೇ ದಶಕದಲ್ಲಿ ಕೈಕೆಲ್ಸದ ಭಾಗನ ಕಾಮನ್ ಟಾಸ್ಕ್ ಟೆಸ್ಟ್ ಅಂತ ಬೇರೆ ಮಾಡಿ, ಎಸ್‌ಕ್ಯೂಟಿನ ಬರವಣಿಗೆ ಪರೀಕ್ಷೆ ಮಾಡಿಟ್ರು, 1991ರಲ್ಲಿ ಅದನ್ನೂ ನಿಲ್ಸಿದ್ರು. ಅಂದ್ರೆ ಸುತ್ತಿ ಬಳಸಿ ಮತ್ತೆ ಪೇಪರ್‌ಗೇ ಬಂದು, ಆಮೇಲೆ ಆ ಪೇಪರೂ ಹೋಯ್ತು.

ಅದೇ ಕಾಲದಲ್ಲಿ, 1982ರಿಂದ, ಅವರು ಪ್ರಾಜೆಕ್ಟ್ ಎ ಅಂತ ಒಂದು ದೊಡ್ಡ ಸಂಶೋಧನೆನೂ ಮಾಡಿದ್ರು, ಸೈನಿಕನ ಕೆಲ್ಸನ ಅಳೆಯೋದು ಹೆಂಗೆ ಅಂತ. ಸಾವಿರಾರು ಸೈನಿಕರಿಗೆ ಕೈಕೆಲ್ಸದ ಟೆಸ್ಟು, ಬರವಣಿಗೆ ಟೆಸ್ಟು, ಮೇಲಿನೋರ ರೇಟಿಂಗ್ ಎಲ್ಲಾ ಒಟ್ಟಿಗೆ ಮಾಡಿ ನೋಡಿದ್ರು. ಅವರಿಗೆ ಕಂಡಿದ್ದು, ಕೆಲ್ಸ ಚೆನ್ನಾಗಿ ಮಾಡೋದು ಅನ್ನೋದು ಒಂದೇ ವಸ್ತು ಅಲ್ಲ, ಐದು ಭಾಗ ಇದೆ ಅಂತ: ತನ್ನ ಟ್ರೇಡಿನ ತಾಂತ್ರಿಕ ಕೆಲ್ಸ, ಎಲ್ಲಾ ಸೈನಿಕರಿಗೂ ಬೇಕಾದ ಸಾಮಾನ್ಯ ಕೆಲ್ಸ, ಶ್ರಮ ಮತ್ತು ನಾಯಕತ್ವ, ಸ್ವಂತ ಶಿಸ್ತು, ದೇಹದ ಕ್ಷಮತೆ ಮತ್ತು ಮಿಲಿಟರಿ ಠೀವಿ. ಒಂದ್ರಲ್ಲಿ ಮುಂದಿರೋನು ಇನ್ನೊಂದ್ರಲ್ಲಿ ಮುಂದಿರ್ಲೇಬೇಕು ಅಂತಿಲ್ಲ. ಇದನ್ನ ಓದಿದಾಗ ನಂಗೆ ನಮ್ಮ ಹುಡುಗನ ರಿಸಲ್ಟ್ ಶೀಟೇ ಕಣ್ಮುಂದೆ ಬಂತು. ಟ್ರೇಡಲ್ಲಿ ಫಸ್ಟು, ಓಟದಲ್ಲಿ ಎಕ್ಸಲೆಂಟು, ಸಾಮಾನ್ಯ ಸೈನಿಕ ಕೆಲ್ಸದ ಒಂದು ತುಂಡಲ್ಲಿ ಹಿಂದೆ.

ನಮ್ಮ ಕೇಡರ್ ಪದ್ಧತಿನಲ್ಲಿ ಇರೋ ಒಳ್ಳೇದನ್ನೂ ಹೇಳ್ಬೇಕು. ಅದು ಬರೀ ಪರೀಕ್ಷೆ ಅಲ್ಲ, ಮೊದ್ಲು ಕಲಿಸಿ ಆಮೇಲೆ ಟೆಸ್ಟ್ ಮಾಡೋದು, ಫೈರಿಂಗ್ ಆಗ್ಲಿ ಡ್ರಿಲ್ ಆಗ್ಲಿ ಮಾಡಿಯೇ ತೋರಿಸ್ಬೇಕು, ಉಸ್ತಾದ್‌ಗಳು ಅದೇ ಕೆಲ್ಸ ಮಾಡಿ ಬಂದೋರು. ಎಸ್‌ಕ್ಯೂಟಿಗೆ ದೊಡ್ಡ ಕಚೇರಿಯಿಂದ ಪುಸ್ತಕ ಬರೆಸ್ಬೇಕಾಯ್ತು, ನಮ್ಮಲ್ಲಿ ಆ ಜ್ಞಾನ ಯೂನಿಟ್ ಒಳಗೇ ಇದೆ. ಕೊರತೆ ಇರೋದು ಎರಡು ಕಡೆ. ಒಂದು, ಟೈಮ್ ಕಮ್ಮಿ ಆದಾಗ ಮೊದ್ಲು ಕತ್ತರಿ ಬೀಳೋದು ಗ್ರೌಂಡ್ ಭಾಗಕ್ಕೆ, ಪೇಪರ್‌ಗಲ್ಲ, ಯಾಕಂದ್ರೆ ಪೇಪರ್ ಒಂದೇ ಹಾಲ್‌ನಲ್ಲಿ ಎಲ್ಲರಿಗೂ ಒಟ್ಟಿಗೆ ಮುಗಿಯುತ್ತೆ. ನನ್ನ ಕೇಳಿದ್ರೆ ಕತ್ತರಿಸ್ಲೇಬೇಕು ಅಂದ್ರೆ ಪೇಪರ್ ಕತ್ತರಿಸಿ. ಇನ್ನೊಂದು, ಫೇಲ್ ಆದೋನಿಗೆ ಯಾವುದ್ರಲ್ಲಿ ಅಂತ ಹೇಳ್ದೇ ಇರೋದು. ಇದಕ್ಕೆ ದುಡ್ಡು ಬೇಡ, ಸಾಮಾನು ಬೇಡ, ಒಬ್ಬೊಬ್ಬನಿಗೆ ಒಂದು ಶೀಟ್ ಕಾಗದ ಸಾಕು. ಹೇಳ್ದೇ ಹೋದ್ರೆ ಆ ಹುಡುಗ ಮುಂದಿನ ಸಲಕ್ಕೆ ಹಳೇ ಪ್ರಶ್ನೆ ಪತ್ರಿಕೆಗಳನ್ನ ಬಾಯಿಪಾಠ ಮಾಡ್ಕೊಂಡು ಪಾಸಾಗ್ತಾನೆ, ಮೂರು ಪಟ್ಟಿನೂ ಬರುತ್ತೆ, ಈಸ್ಟಿಂಗ್ ನಾರ್ದಿಂಗ್ ಅದಲು ಬದಲು ಮಾಡೋ ಅಭ್ಯಾಸ ಹಂಗೇ ಉಳಿಯುತ್ತೆ. ಹಂಗೆ ಪಾಸಾದೋನು ರಿಕವರಿ ಗಾಡಿಯ ಮುಂದಿನ ಸೀಟಲ್ಲಿ ಕೂರ್ತಾನಲ್ಲ, ನಂಗೆ ಭಯ ಇರೋದು ಅದಕ್ಕೆ.

ಇವನಿಗೆ ನಾವು ಒಂದು ಶೀಟ್ ಮಾಡಿದ್ವಿ. ಮ್ಯಾಪ್ ಸೆಟ್ ಮಾಡೋದು (ಮ್ಯಾಪಿನ ಉತ್ತರನ ನೆಲದ ಉತ್ತರಕ್ಕೆ ಹೊಂದಿಸೋದು), ಆರು ಅಂಕಿ ರೆಫರೆನ್ಸ್ ಓದೋದು, ಕೊಟ್ಟ ರೆಫರೆನ್ಸಿನ ಜಾಗ ತೋರ್ಸೋದು, ಬೇರಿಂಗ್ ತಗೊಳ್ಳೋದು, ರಿಸೆಕ್ಷನ್, ಒಂದು ಜಾಗದಿಂದ ಇನ್ನೊಂದು ಜಾಗ ಕಾಣುತ್ತಾ ಅಂತ ಕಾಂಟೂರಿಂದ ಹೇಳೋದು, ಗಾಡಿ ಹೋಗೋ ದಾರಿ ಆರಿಸೋದು. ಪ್ರತಿಯೊಂದ್ರ ಮುಂದೆ ಸರಿ, ತಪ್ಪು, ತಪ್ಪಾಗಿದ್ರೆ ಎಲ್ಲಿ ಅಂತ ಬರೆಯೋಕೆ ಜಾಗ. ರೆಫರೆನ್ಸ್ ಓದೋದನ್ನ ಯಾವಾಗ್ಲೂ ಗಡಿಯಾರ ಇಟ್ಟೇ ಮಾಡಿಸ್ದೆ. ವ್ಯಾಖ್ಯೆಗಳನ್ನ ಹಿಂದಿನಲ್ಲಿ ದಿನಾ ಒಂದು ಪುಟ ಬರೆಸ್ದೆ, ಅದು ನಂಗೆ ಇಷ್ಟ ಇಲ್ಲ, ಆದ್ರೆ ಪೇಪರ್ ಇರೋ ತನಕ ಪೇಪರ್ ಬರೀಬೇಕು. ಅಕ್ಕನೂ ಒಂದು ದಿನ ಕಾರ್ಡ್‌ಬೋರ್ಡ್ ಮೂಲೆ ಹಿಡ್ಕೊಂಡು ಅವನಿಗೆ ಪ್ರಶ್ನೆ ಕೇಳ್ತಾ ಕೂತಿದ್ಳು, "ಲೋ, ಇದು ಯಾವ ಜಾಗ ಹೇಳು, ಬೇಗ" ಅಂತ.

ರಜ ಮುಗ್ಸಿ ಹೋದ್ಮೇಲೆ ಆ ಶೀಟ್ ಅವನ ಜೊತೆನೇ ಹೋಯ್ತು. ಅವನ ಡಿಟ್ಯಾಚ್‌ಮೆಂಟಿನ ನಾಯಬ್ ಸುಬೇದಾರ್ ಸಾಹೇಬ್ರು ಅದನ್ನ ನೋಡಿ, ಕೇಡರ್‌ಗೆ ಹೋಗ್ಬೇಕಾದ ಉಳಿದ ಹುಡುಗರಿಗೂ ಅದೇ ಥರ ಸಂಜೆ ಹೊತ್ತು ಮಾಡಿಸೋಕೆ ಶುರು ಮಾಡಿದ್ರಂತೆ, ಗಾಡಿಗಳನ್ನ ನಿಲ್ಸೋ ಎಂಟಿ ಪಾರ್ಕಲ್ಲಿ ಗಾಡಿ ಪಕ್ಕ ಒಂದು ಸಲ, ಗಾಡಿಯಿಂದ ದೂರ ಒಂದು ಸಲ ಬೇರಿಂಗ್ ತೆಗ್ಸಿ ಎಷ್ಟು ವ್ಯತ್ಯಾಸ ಬರುತ್ತೆ ಅಂತ ಅವರವರ ಕಣ್ಣಿಗೇ ತೋರ್ಸಿದ್ರಂತೆ. ನಂಗೆ ಇಡೀ ವಿಷ್ಯದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಇದೇ. ಮುಂದಿನ ಕೇಡರ್‌ನಲ್ಲಿ ಅವನು ಪಾಸಾದ, ಆ ಸಲ ಗ್ರೌಂಡ್ ಭಾಗನೂ ಪೂರ್ತಿ ನಡೀತಂತೆ. ಹವಾಲ್ದಾರ್ ಆದ. ಮುಂದೆ ಹೋದ ಇಬ್ಬರು ಸೀನಿಯಾರಿಟಿನಲ್ಲಿ ಅವನಿಗಿಂತ ಮೇಲೇ ಇರ್ತಾರೆ, ಅದು ವಾಪಸ್ ಬರಲ್ಲ, ಮುಂದೆ ಜೆಸಿಓ ಲಿಸ್ಟಲ್ಲೂ ಅದ್ರ ಪರಿಣಾಮ ಇರುತ್ತೆ. ಯಾವುದ್ರಲ್ಲಿ ಫೇಲ್ ಅಂತ ಒಂದು ಸಾಲು ಅವತ್ತೇ ಬರ್ದು ಕೊಟ್ಟಿದ್ರೆ, ರಜಕ್ಕೆ ಬರೋ ತನಕ ಕಾಯ್ದೇ ಅಲ್ಲಿಂದ್ಲೇ ಪ್ರ್ಯಾಕ್ಟೀಸ್ ಶುರು ಮಾಡ್ತಿದ್ದ.

ಈ ಮಾತು ಈಗ ಇನ್ನೂ ಜರೂರು. 2022ರ ಜೂನ್ 14ಕ್ಕೆ ಅಗ್ನಿಪಥ್ ಘೋಷಣೆ ಆಯ್ತು, ಆರ್ಮಿಯ ಮೊದಲ ಬ್ಯಾಚ್ ಹುಡುಗರ ಟ್ರೈನಿಂಗು 2023ರ ಜನವರಿಗೆ ಶುರುವಾಯ್ತು, ನಮ್ಮ ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್‌ನಂಥ ಜಾಗಗಳಲ್ಲೂ ಅಗ್ನಿವೀರರು ತಯಾರಾಗ್ತಿದ್ದಾರೆ. 4 ವರ್ಷ ಆದ್ಮೇಲೆ ಗರಿಷ್ಠ 25 ಪರ್ಸೆಂಟ್ ಹುಡುಗರನ್ನ ಮಾತ್ರ ಖಾಯಂ ಮಾಡ್ಕೊಳ್ಳೋದು ಯೋಜನೆಯ ನಿಯಮ. ನಮ್ಮ ಹುಡುಗನಿಗೆ ಮತ್ತೊಂದು ಕೇಡರ್ ಇತ್ತು. 21, 22 ವರ್ಷಕ್ಕೆ ಮನೆಗೆ ಹೋಗ್ಬೇಕಾಗೋ ಹುಡುಗನಿಗೆ ಆ ಅವಕಾಶ ಇಲ್ಲ. ಅವನನ್ನ ಅಳೆಯೋ ಟೆಸ್ಟು ಪೆನ್ನಿನ ವೇಗ ಅಳೆದು ಕೈಯ ಕೆಲ್ಸ ಬಿಟ್ಟುಬಿಟ್ರೆ ಆರ್ಮಿಗೂ ನಷ್ಟ, ಅವನಿಗೂ ಮೋಸ. ಪ್ರತಿ ವರ್ಷದ ಟೆಸ್ಟಾದ್ಮೇಲೆ ಇದ್ರಲ್ಲಿ ಸರಿ ಇದ್ದೀಯ, ಇದ್ರಲ್ಲಿ ಹಿಂದಿದ್ದೀಯ ಅಂತ ಅವನ ಕೈಗೆ ಬರ್ದು ಕೊಡ್ಲೇಬೇಕು, ಕೊನೆ ವರ್ಷ ಒಂದೇ ಸಲ ಹೆಸರು ಇಲ್ಲ ಅಂತ ಗೊತ್ತಾಗ್ಬಾರ್ದು.

ಹೋದ ವಾರ ಅವನು ಫೋನ್ ಮಾಡಿದ್ದ. ಕೈ ಕೆಳಗೆ ಹೊಸ ಹುಡುಗರು ಬಂದಿದ್ದಾರೆ, ಟ್ರೇಡಿಗೂ ಹಿಂಗೇ ಒಂದು ಶೀಟ್ ಬೇಕು ಚಿಕ್ಕಮ್ಮ, ನಿಮ್ಮ ಡೀಸೆಲ್ ಮೆಕ್ಯಾನಿಕ್ ಸೆಕ್ಷನ್ ಮೇಷ್ಟ್ರನ್ನ ಕೇಳಿ ಅಂದ. ಕೇಳ್ದೆ, ಅವ್ರು ಖುಷಿಯಿಂದ ಕೂತು ಬರ್ದುಕೊಟ್ರು. ಮೊದಲನೇದು ಡೀಸೆಲ್ ಲೈನಿನ ಗಾಳಿ ತೆಗೆಯೋದು: ಟ್ಯಾಂಕಲ್ಲಿ ಡೀಸೆಲ್ ಇದ್ಯಾ ಅಂತ ನೋಡಿದ್ನಾ, ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸುತ್ತ ಒರೆಸಿ ಆಮೇಲೆ ಲೂಸ್ ಮಾಡಿದ್ನಾ, ಹ್ಯಾಂಡ್ ಪಂಪ್ ಹೊಡೀತಾ ಗುಳ್ಳೆ ನಿಲ್ಲೋ ತನಕ ಕಾಯ್ದನಾ, ಡೀಸೆಲ್ ಬರ್ತಿರೋವಾಗ್ಲೇ ಸ್ಕ್ರೂ ಟೈಟ್ ಮಾಡಿದ್ನಾ, ಗಾಳಿ ಎಲ್ಲಿಂದ ಸೇರ್ತು ಅಂತ ಪೈಪ್ ಜಾಯಿಂಟ್ ಹುಡುಕಿದ್ನಾ. ಕೊನೆ ಸಾಲಿಗೆ ಮೇಷ್ಟ್ರು ಎಲ್ಲಕ್ಕಿಂತ ಜಾಸ್ತಿ ಮಾರ್ಕ್ಸ್ ಇಟ್ಟಿದ್ದಾರೆ, ಗಾಳಿ ತೆಗ್ದು ಗಾಡಿ ಸ್ಟಾರ್ಟ್ ಮಾಡೋರು ಬೇಕಾದಷ್ಟು ಜನ ಇದ್ದಾರೆ, ಲೀಕ್ ಹುಡುಕದೇ ಕಳಿಸಿದ್ರೆ ಹತ್ತು ಕಿಲೋಮೀಟರ್ ಮುಂದೆ ಮತ್ತೆ ನಿಲ್ಲುತ್ತೆ ಅಂತ. ಸ್ಕ್ಯಾನ್ ಮಾಡಿ ಅವನಿಗೆ ಕಳಿಸಿದ್ದೀನಿ, ಬ್ರೇಕಿನ ಶೀಟು ಈ ಭಾನುವಾರ ಮಾಡ್ತೀವಿ.